ನೂರಕ್ಕೆ ನೂರು ಬಂದ ಮೇಲೆ

(ಪ್ರತಿಭಾವಂತ ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಇಲ್ಲಿ ಸನ್ಮಾನಿತರಾದ ಮಕ್ಕಳ ಅಂಕಪಟ್ಟಿಗಳನ್ನು ಕಂಡು ನಮಗೆಲ್ಲರಿಗೂ ಸಂತೋಷವಾಗಿದೆ. ಎರಡು ತಲೆಮಾರುಗಳ ಹಿಂದೆ ಎಸ್ಸೆಸ್ಸೆಲ್ಸಿ ದಾಟುವುದೇ ದೊಡ್ಡ ಸಾಹಸವೆನಿಸಿದ್ದ ಮನೆಗಳಿಂದ ಇಂದು ಶೇಕಡ ತೊಂಬತ್ತೈದನ್ನು ಮೀರಿದ ಮಕ್ಕಳು ಬರುತ್ತಿದ್ದಾರೆ. ಆದರೆ ಸಂಘಟಕರು ನಮಗೆ ಒಪ್ಪಿಸಿರುವ ವಿಷಯವು ಈ ಸಂತೋಷಕ್ಕೆ ತುಸು ಅಡ್ಡ ಬರುವಂತಹದ್ದು. ಅರ್ಜಿ ಹಾಕಿದವರೆಲ್ಲರಿಗೂ ಇಂತಹದೇ ಅಂಕಗಳಿರುವ ಬಾಗಿಲಿನ ಮುಂದೆ ನಮ್ಮ ಮಗು ನಿಂತರೆ, ಒಳಗಿನವರು ಯಾವ ಆಧಾರದಲ್ಲಿ ಅದನ್ನು ಗುರುತಿಸುತ್ತಾರೆ ಎಂಬುದೇ ಆ ವಿಷಯ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಬಹುತೇಕ ಉದ್ಭವಿಸುವುದಿಲ್ಲ. ಇಂಜಿನಿಯರಿಂಗಿಗೆ ಸಿಇಟಿಯ ಅಂಕಗಳರ್ಧ, ಪಿಯುಸಿಯ ಅಂಕಗಳರ್ಧ ಸೇರಿಸಿ ರ್ಯಾಂಕ್ ನೀಡುತ್ತಾರೆ. ವೈದ್ಯಕೀಯಕ್ಕೆ ನೀಟ್ ಇದೆ, ಐಐಟಿಗೆ ಜೆಇಇ ಇದೆ. ರ್ಯಾಂಕಿನ ಪದ್ಧತಿಯನ್ನು ನಾವು ಬೈಯುವುದುಂಟು. ಮಕ್ಕಳ ಬಾಲ್ಯವನ್ನು ಅದು ಕೋಚಿಂಗ್ ಕೋಣೆಗಳಿಗೆ ಮಾರಿಬಿಟ್ಟಿದೆ ಎಂಬ ದೂರಿನಲ್ಲಿ ಸತ್ಯವಿದೆ. ಆದರೂ ಅದಕ್ಕೆ ಒಂದು ಗುಣವಿದೆ. ಉತ್ತರ ಪತ್ರಿಕೆಯನ್ನು ತಿದ್ದುವ ಯಂತ್ರವು ಅಭ್ಯರ್ಥಿಯ ಹೆಸರನ್ನು ಓದುವುದಿಲ್ಲ, ಮುಖವನ್ನು ನೋಡುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಇದರ ಅಗತ್ಯ ಬೀಳಲಿದೆ.

ನಾವಿಂದು ಮಾತನಾಡಲಿರುವುದು ಅಮೆರಿಕದ ಆಯ್ದ ಕಾಲೇಜುಗಳ ಪದವಿ ಪ್ರವೇಶದ ಬಗ್ಗೆ. ಗಲ್ಫ್‌ನಲ್ಲಿ ದುಡಿಯುವ ತಂದೆಯಂದಿರು ಇದರ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತಾರೆ. ಊರಿನ ಮುಖ್ಯ ರಸ್ತೆಗಳಲ್ಲಿ 'ವಿದೇಶಿ ಶಿಕ್ಷಣ ಸಲಹೆ' ಎಂಬ ಫಲಕಗಳು ತೂಗುತ್ತಿವೆ. ಕೇಳುವವರಿಗೂ ಹೇಳುವವರಿಗೂ ಈ ವ್ಯವಸ್ಥೆಯ ಒಳಗು ಸ್ಪಷ್ಟವಿಲ್ಲದಿದ್ದರೆ ನಷ್ಟವಾಗುವುದು ಮಗುವಿನ ಎರಡು ವರ್ಷ ಮತ್ತು ತಂದೆಯ ಉಳಿತಾಯ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶ ಪದ್ಧತಿಯ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಅಲ್ಲಿನ ಕಡತಗಳು ನ್ಯಾಯಾಲಯದ ಮೂಲಕ ಬಹಿರಂಗಕ್ಕೆ ಬಂದವು. 2019ರಲ್ಲಿ ಪದವಿ ಮುಗಿಸಬೇಕಿದ್ದ ತಂಡಕ್ಕೆ ಅಮೆರಿಕದೊಳಗಿನಿಂದಲೇ ಸುಮಾರು 26 ಸಾವಿರ ಅರ್ಜಿಗಳು ಬಂದಿದ್ದವು. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಶಾಲಾ ಅಂಕಗಳಲ್ಲಿ ಪರಿಪೂರ್ಣರು. ಸ್ಯಾಟ್ ಪರೀಕ್ಷೆಯ ಗಣಿತದಲ್ಲಿ ಪೂರ್ಣಾಂಕ ಪಡೆದವರು ಮೂರು ಸಾವಿರಕ್ಕೂ ಅಧಿಕ. ಅವಕಾಶವಾದರೋ ಎರಡು ಸಾವಿರದೊಳಗೆ. 2024ರ ವಸಂತದಲ್ಲಿ ಅದೇ ಸಂಸ್ಥೆಗೆ ಜಗತ್ತಿನಾದ್ಯಂತದಿಂದ ಬಂದ ಅರ್ಜಿಗಳು 54 ಸಾವಿರ, ಆಯ್ಕೆಯಾದವರು 1,937 ಮಂದಿ. ನೂರಕ್ಕೆ ನೂರು ಅಂಕಗಳು ಅಲ್ಲಿ ಬಾಗಿಲು ಬಡಿಯುವ ಹಕ್ಕನ್ನು ಮಾತ್ರ ಕೊಡುತ್ತವೆ.

ಹಾಗಾದರೆ ಉಳಿದದ್ದನ್ನು ಅಳೆಯುವುದು ಹೇಗೆ? ವ್ಯಾಸಂಗ, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂಬ ವಿಭಾಗಗಳಲ್ಲಿ ಪ್ರತಿಯೊಂದು ಅರ್ಜಿಗೂ ದರ್ಜೆ ಹಾಕಿ, ಶಿಕ್ಷಕರ ಪತ್ರಗಳನ್ನು ತೂಗಿ, ಕೊನೆಗೆ ಸುಮಾರು ನಲ್ವತ್ತು ಮಂದಿಯ ಸಮಿತಿಯು ಕುಳಿತು ತೀರ್ಮಾನಿಸುತ್ತದೆ ಎಂದು ಅದೇ ಮೊಕದ್ದಮೆಯಿಂದ ತಿಳಿದುಬಂತು. ಇದಕ್ಕೆ ಅವರು ಸಮಗ್ರ ಪರಿಶೀಲನೆ ಎನ್ನುತ್ತಾರೆ. ಕೇಳಲು ಬಹಳ ಉದಾತ್ತವಾಗಿದೆ. ಆದರೆ ಈ ಪದ್ಧತಿ ಹುಟ್ಟಿದ ಕತೆ ಅಷ್ಟು ಉದಾತ್ತವಲ್ಲ. ನಮ್ಮಂತಹ ಅಲ್ಪಸಂಖ್ಯಾತ ಸಮುದಾಯದವರು ಅದನ್ನು ಅರಿತಿರುವುದು ಒಳಿತು.

ಕಳೆದ ಶತಮಾನದ ಆರಂಭದಲ್ಲಿ ಹಾರ್ವರ್ಡಿನ ಪ್ರವೇಶವು ಬಹುಮಟ್ಟಿಗೆ ಪರೀಕ್ಷೆಯನ್ನೇ ಅವಲಂಬಿಸಿತ್ತು. ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು ಓದಿ, ಪರೀಕ್ಷೆ ಗೆದ್ದು, ಒಳಗೆ ಬರತೊಡಗಿದರು. 1922ರ ವೇಳೆಗೆ ಅವರ ಪ್ರಮಾಣ ಶೇಕಡ 20ನ್ನು ದಾಟಿತ್ತು. ಅಂದಿನ ಅಧ್ಯಕ್ಷ ಲಾರೆನ್ಸ್ ಲೊವೆಲ್‌ಗೆ ಇದು ಸಹನೆಯಾಗಲಿಲ್ಲ. ಶೇಕಡ 15ರ ಮಿತಿ ಹೇರಬೇಕೆಂದು ಅವರು ಬಹಿರಂಗವಾಗಿ ಹೊರಟಾಗ ವಿರೋಧ ಎದುರಾಯಿತು. ಆಗ ಮಿತಿಯ ಮಾತನ್ನು ಕೈಬಿಟ್ಟು 'ಚಾರಿತ್ರ್ಯ' ಎಂಬ ಮಾತನ್ನು ತರಲಾಯಿತು. 1926ರಲ್ಲಿ ಜಾರಿಗೊಂಡ ಹೊಸ ನೀತಿಯಂತೆ ಅಭ್ಯರ್ಥಿಯ ವ್ಯಕ್ತಿತ್ವವನ್ನು ತೂಗಲಾಗುತ್ತಿತ್ತು, ಅರ್ಜಿಯೊಂದಿಗೆ ಭಾವಚಿತ್ರ ಲಗತ್ತಿಸಬೇಕಿತ್ತು. ಯಾರನ್ನೂ 'ನೀನು ಯಹೂದಿ' ಎಂದು ಹೊರಗಟ್ಟಲಿಲ್ಲ. ವ್ಯಕ್ತಿತ್ವ ಸಾಲದು ಎಂದರು, ಅಷ್ಟೇ. ಯಹೂದಿಯರ ಸಂಖ್ಯೆ ಇಳಿಯಿತು.

ಹೆಸರನ್ನು ಓದದ ಯಂತ್ರಕ್ಕೂ ಮುಖವನ್ನು ನೋಡುವ ಸಮಿತಿಗೂ ಇರುವ ಅಂತರ ಇದು. ತಾರತಮ್ಯವು ಸಭ್ಯ ಪದಗಳ ಉಡುಪು ತೊಟ್ಟು ಬರಬಲ್ಲದು ಎಂಬುದು ನಮಗೆ ಹೊಸತಲ್ಲ. ಬಾಡಿಗೆ ಮನೆ ಹುಡುಕಿದವರಿಗೆಲ್ಲ ಅದು ಗೊತ್ತು.

ಇದಾಗಿ ಸುಮಾರು ತೊಂಬತ್ತು ವರ್ಷಗಳ ಬಳಿಕ, 2014ರಲ್ಲಿ, ಏಷ್ಯಾ ಮೂಲದ ವಿದ್ಯಾರ್ಥಿಗಳ ಪರವಾಗಿ ಹಾರ್ವರ್ಡಿನ ಮೇಲೆ ದಾವೆ ಹೂಡಲಾಯಿತು. ವ್ಯಾಸಂಗದಲ್ಲಿ ಮುಂದಿದ್ದ ಅವರಿಗೆ ವ್ಯಕ್ತಿತ್ವದ ವಿಭಾಗದಲ್ಲಿ ಸರಾಸರಿ ಕಡಿಮೆ ದರ್ಜೆ ಬೀಳುತ್ತಿತ್ತು ಎಂಬುದು ವಿಚಾರಣೆಯಲ್ಲಿ ಬಯಲಾಯಿತು. 2019ರಲ್ಲಿ ನ್ಯಾಯಾಧೀಶೆ ಅಲಿಸನ್ ಬರೋಸ್ ಅವರು ಉದ್ದೇಶಪೂರ್ವಕ ತಾರತಮ್ಯ ಸಾಬೀತಾಗಿಲ್ಲವೆಂದು ವಿಶ್ವವಿದ್ಯಾನಿಲಯದ ಪರ ತೀರ್ಪಿತ್ತರು. 2023ರ ಜೂನ್ 29ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನೇ ನಿಷೇಧಿಸಿತು. ಇದನ್ನು ಸಂಭ್ರಮಿಸುವವರು ಒಂದನ್ನು ಗಮನಿಸಬೇಕು. ಕಪ್ಪು ವರ್ಣೀಯರಿಗೆ ಸಿಗುತ್ತಿದ್ದ ಅಲ್ಪ ಆದ್ಯತೆಯನ್ನು ನ್ಯಾಯಾಲಯ ಕಿತ್ತುಹಾಕಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ, ದಾನಿಗಳ ಮಕ್ಕಳಿಗೆ, ಪ್ರಾಧ್ಯಾಪಕರ ಮಕ್ಕಳಿಗೆ, ಕ್ರೀಡಾಪಟುಗಳಿಗೆ ಸಿಗುವ ಆದ್ಯತೆ ಹಾಗೆಯೇ ಉಳಿಯಿತು. ಹಾರ್ವರ್ಡ್ ಸೇರಿದ ಬಿಳಿಯರಲ್ಲಿ ಶೇಕಡ 43ಕ್ಕೂ ಹೆಚ್ಚು ಮಂದಿ ಈ ನಾಲ್ಕು ಗುಂಪುಗಳಲ್ಲಿ ಒಂದಕ್ಕೆ ಸೇರಿದವರೆಂದು ಅದೇ ಮೊಕದ್ದಮೆಯ ಅಂಕಿಅಂಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಹೇಳಿದ್ದಾರೆ. ಮೀಸಲಾತಿಯ ವಿಷಯ ಬಂದಾಗ ಪ್ರತಿಭೆಯ ಹೆಸರಿನಲ್ಲಿ ಕಣ್ಣೀರು ಹಾಕುವವರು ಈ ಮೀಸಲಾತಿಯ ಬಗ್ಗೆ ಎಲ್ಲಿಯೂ ತುಟಿ ಬಿಚ್ಚುವುದಿಲ್ಲ. ಎಲ್ಲ ಸಂಸ್ಥೆಗಳೂ ಒಂದೇ ಎನ್ನಲಾಗದು. ಎಂಐಟಿ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ನೀಡುವುದಿಲ್ಲ, ಆಮ್‌ಹರ್ಸ್ಟ್ ಕಾಲೇಜು 2021ರಲ್ಲಿ ಅದನ್ನು ನಿಲ್ಲಿಸಿತು.

ಇಷ್ಟನ್ನು ವಿವರಿಸಿದ್ದು ನಿಮ್ಮನ್ನು ನಿರುತ್ಸಾಹಗೊಳಿಸಲಿಕ್ಕಲ್ಲ. ಆ ಬಾಗಿಲು ತೆರೆಯದಿದ್ದರೆ ಮಗುವಿನಲ್ಲಿ ಕೊರತೆಯಿದೆ ಎಂದು ಮನೆಯಲ್ಲಿ ಯಾರೂ ಭಾವಿಸಬಾರದು ಎಂಬುದಕ್ಕಾಗಿ. ಅರ್ಹರಾದ ಸಾವಿರಾರು ಮಕ್ಕಳು ಪ್ರತಿವರ್ಷ ಹೊರಗುಳಿಯುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎದ್ದು ಕಾಣಬೇಕೆಂದೊಡನೆ ನಮ್ಮವರ ಮನಸ್ಸಿಗೆ ಹೊಳೆಯುವುದು ಪ್ರಮಾಣಪತ್ರಗಳು. ಕರಾಟೆಯ ಬೆಲ್ಟು, ಅಬಾಕಸ್, ಭಾಷಣ ಸ್ಪರ್ಧೆ, ಒಂದು ದಿನದ ಕಾರ್ಯಾಗಾರ, ಹಣ ಕೊಟ್ಟರೆ ಎಲ್ಲರಿಗೂ ಪದಕ ನೀಡುವ 'ಅಂತಾರಾಷ್ಟ್ರೀಯ' ಒಲಿಂಪಿಯಾಡುಗಳು. ಕಡತ ದಪ್ಪವಾಗುತ್ತದೆ, ಮಗು ಮಾತ್ರ ಅದರಲ್ಲಿ ಕಾಣಿಸುವುದಿಲ್ಲ. ಅಮೆರಿಕದ ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಕಾಮನ್ ಆಪ್ ಎಂಬ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಇರುವುದು ಹತ್ತೇ ಸ್ಥಾನ. ಒಂದೊಂದರ ವಿವರಣೆಗೆ 150 ಅಕ್ಷರಗಳು. ಅಂದರೆ ಒಂದೂವರೆ ಸಾಲು. ಎಂಐಟಿಯ ಅರ್ಜಿಯಲ್ಲಂತೂ ನಾಲ್ಕೇ ಚಟುವಟಿಕೆಗಳನ್ನು ಕೇಳುತ್ತಾರೆ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ಕಾಮನ್ ಆಪ್ ವಿಚಾರಿಸುತ್ತದೆ. ಪದಕವೆಷ್ಟು ಎಂಬುದಕ್ಕಿಂತ ಮಗು ತನ್ನ ಬಿಡುವನ್ನು ಯಾವುದಕ್ಕೆ ಕೊಟ್ಟಿತು ಎಂಬುದು ಈ ಪ್ರಶ್ನೆಯ ಒಳಾರ್ಥ.

ಅದೇ ಪಟ್ಟಿಯಲ್ಲಿ ಚಟುವಟಿಕೆಯ ಬಗೆಯನ್ನು ಆರಿಸುವಲ್ಲಿ 'ಕೌಟುಂಬಿಕ ಹೊಣೆಗಾರಿಕೆ' ಎಂಬ ಆಯ್ಕೆಯಿದೆ. 'ಸಂಬಳದ ಕೆಲಸ' ಎಂಬ ಆಯ್ಕೆಯೂ ಇದೆ. 2016ರ ಜನವರಿಯಲ್ಲಿ ಹಾರ್ವರ್ಡಿನ ಶಿಕ್ಷಣ ವಿಭಾಗದಿಂದ ಹೊರಬಂದ ವರದಿಯೊಂದು, ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಮನೆಯ ಆದಾಯಕ್ಕಾಗಿ ದುಡಿಯುವ ಮಕ್ಕಳ ಕೆಲಸವನ್ನು ಕಾಲೇಜುಗಳು ಗಂಭೀರವಾಗಿ ಪರಿಗಣಿಸಬೇಕೆಂದು ಹೇಳಿತು. ಹಲವು ಕಾಲೇಜುಗಳ ಪ್ರವೇಶಾಧಿಕಾರಿಗಳು ಅದಕ್ಕೆ ಸಹಮತ ಸೂಚಿಸಿದರು.

ನಮ್ಮ ಮನೆಗಳನ್ನು ಒಮ್ಮೆ ನೆನೆಯಿರಿ. ತಂದೆ ಊರಲ್ಲಿಲ್ಲದ ಮನೆಯಲ್ಲಿ ಹದಿನಾರರ ಹುಡುಗನೊಬ್ಬ ಪಡಿತರ ಚೀಟಿಯಿಂದ ಹಿಡಿದು ಜಮೀನಿನ ಪಹಣಿಯವರೆಗೆ ಎಲ್ಲ ಕಚೇರಿ ಕೆಲಸಗಳನ್ನು ನಿಭಾಯಿಸುತ್ತಾನೆ. ಗುಜರಿ ಅಂಗಡಿಯಲ್ಲಿ ಸಂಜೆ ಕುಳಿತು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇರ್ಪಡಿಸಿ ದರ ಕಟ್ಟುವ ಹುಡುಗನಿಗೆ ಲೋಹಗಳ ಬಗ್ಗೆ ಪ್ರಯೋಗಾಲಯ ಕಲಿಸದಷ್ಟು ಗೊತ್ತಿರುತ್ತದೆ. ತಾಯಿ ಬೀಡಿ ಕಟ್ಟುವ ಮನೆಯ ಹುಡುಗಿ ಎಲೆ, ತಂಬಾಕು, ಬ್ರಾಂಚಿನಲ್ಲಿ ತಿರಸ್ಕೃತವಾದ ಬೀಡಿ, ಕೈಗೆ ಬಂದ ಕೂಲಿ ಇವೆಲ್ಲದರ ಲೆಕ್ಕ ಇಡುತ್ತಾಳೆ. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಇಂಗ್ಲಿಷನ್ನು ಬ್ಯಾರಿ ಭಾಷೆಗೋ ದಖನಿಗೋ ತಿರುಗಿಸಿ ಹೇಳುವುದೂ ಅವಳೇ. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು, ಪುಸ್ತಕದಲ್ಲೊಂದು ಎಂದು ನಾಲ್ಕು ಭಾಷೆಗಳಲ್ಲಿ ಬದುಕುವುದು ನಮಗೆ ಎಷ್ಟು ಸಹಜವೆಂದರೆ ಅದೊಂದು ಸಾಮರ್ಥ್ಯವೆಂದೇ ನಮಗೆ ತೋಚುವುದಿಲ್ಲ.

ಈ ಮಕ್ಕಳು ಅರ್ಜಿ ತುಂಬುವಾಗ ಇವೆಲ್ಲವನ್ನೂ ಅಡಗಿಸಿಟ್ಟು, ಅಬಾಕಸ್ಸಿನ ಪ್ರಮಾಣಪತ್ರವನ್ನು ಮುಂದಿಡುತ್ತಾರೆ. ಗುಜರಿಯ ವಿಷಯ ಬರೆದರೆ ಮರ್ಯಾದೆ ಹೋಗುತ್ತದೆ ಎಂದು ಕೆಲವು ತಂದೆಯರೇ ತಡೆಯುತ್ತಾರೆ. ಹೆತ್ತವರೇ, ನಿಮ್ಮ ಅಂಗಡಿಯಿಂದ ಅಷ್ಟು ವರ್ಷ ಮನೆ ನಡೆದಿದೆ. ಅದನ್ನು ಬರೆಯಲು ಮಗನಿಗೆ ಅನುಮತಿ ಕೊಡಿ.

ಕೇವಲ ಕೆಲಸ ಮಾಡಿದರೆ ಸಾಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸಾಲದು. ಕೆಲಸದೊಳಗೆ ಒಂದು ಕುತೂಹಲ ಹುಟ್ಟಿ, ಅದನ್ನು ಮಗು ಹಿಂಬಾಲಿಸಿರಬೇಕು. ಬೀಡಿಯ ಲೆಕ್ಕ ಇಟ್ಟ ಹುಡುಗಿ ತನ್ನ ಓಣಿಯ ಇಪ್ಪತ್ತು ಮನೆಗಳ ಲೆಕ್ಕವನ್ನು ಒಂದು ವರ್ಷ ಬರೆದಿಟ್ಟಳು ಎಂದುಕೊಳ್ಳೋಣ. ಯಾವ ತಿಂಗಳಲ್ಲಿ ತಿರಸ್ಕೃತ ಬೀಡಿ ಹೆಚ್ಚು, ಮಳೆಗಾಲದ ಎಲೆಗೂ ಅದಕ್ಕೂ ಸಂಬಂಧವಿದೆಯೇ ಎಂದು ತಾನೇ ಹುಡುಕಿದಳು ಎಂದುಕೊಳ್ಳೋಣ. ಅರ್ಥಶಾಸ್ತ್ರ ಓದಲು ಅವಳಿಗಿರುವ ಅರ್ಹತೆಯನ್ನು ಯಾವ ಪದಕವೂ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಇದಕ್ಕೆ ಬೇಕಾದುದು ನೋಟ್ ಪುಸ್ತಕ ಮತ್ತು ತಾಳ್ಮೆ. ಒಂದೇ ಕೆಲಸವನ್ನು ಎರಡು ಮೂರು ವರ್ಷ ಬಿಡದೆ ಮಾಡಿದ ಮಗು, ಹತ್ತು ಕೆಲಸಗಳನ್ನು ಮುಟ್ಟಿ ಬಿಟ್ಟ ಮಗುವಿಗಿಂತ ಮುಂದೆ ನಿಲ್ಲುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಹೇಳದಿದ್ದರೆ ಈ ಭಾಷಣ ಅಪೂರ್ಣ. ಅಂಕಗಳಲ್ಲಿ ಅವರು ಮುಂದಿದ್ದಾರೆ. ಆದರೆ ತರಗತಿ ಮುಗಿದೊಡನೆ ಮನೆಗೆ ಬಾ ಎಂಬ ಕಟ್ಟಳೆಯಿಂದ ಗ್ರಂಥಾಲಯ, ವಿಜ್ಞಾನ ಮೇಳ, ಚರ್ಚಾಕೂಟ ಇವೆಲ್ಲ ಅವರ ಕೈತಪ್ಪುತ್ತವೆ. ಮೂರು ವರ್ಷ ಹಾಗೆ ಇಟ್ಟು, ಅರ್ಜಿಯ ಹೊತ್ತಿಗೆ ನಿನ್ನ ಚಟುವಟಿಕೆಯೇನು ಎಂದು ಅವಳನ್ನೇ ಕೇಳುವುದು ಅನ್ಯಾಯ.

ಪ್ರಬಂಧದ ಬಗ್ಗೆ ಎಲ್ಲರಿಗೂ ಭಯವಿದೆ. ಗರಿಷ್ಠ 650 ಪದಗಳ ಒಂದು ಬರಹ, ಅದರ ಮೇಲೆ ಕಾಲೇಜಿಗೊಂದರಂತೆ ಕಿರು ಪ್ರಶ್ನೆಗಳು. ಸಾಧನೆಗಳ ಪಟ್ಟಿಯನ್ನು ಇಲ್ಲಿ ಮತ್ತೊಮ್ಮೆ ಒಪ್ಪಿಸುವುದು ವ್ಯರ್ಥ. ಮಗು ಹೇಗೆ ಯೋಚಿಸುತ್ತದೆ ಎಂಬುದನ್ನು ಓದುಗ ಇಲ್ಲಿ ಹುಡುಕುತ್ತಾನೆ. 2023ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅವರು, ಜನಾಂಗವು ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆಯುವುದಕ್ಕೆ ಅಡ್ಡಿಯಿಲ್ಲ, ಆದರೆ ಅದರಿಂದ ವ್ಯಕ್ತವಾಗುವ ಧೈರ್ಯ ಅಥವಾ ಸಾಮರ್ಥ್ಯವನ್ನೇ ಕಾಲೇಜು ನೋಡಬೇಕು ಎಂಬರ್ಥದ ಮಾತು ಹೇಳಿದ್ದಾರೆ. ನಮ್ಮ ಮಕ್ಕಳೂ ತಾವು ಯಾರೆಂಬುದನ್ನು ಬರೆಯಬಹುದು, ಮುಚ್ಚಿಡಬೇಕಾಗಿಲ್ಲ. ಆದರೆ ಅವಮಾನಗಳ ಪಟ್ಟಿ ಮಾಡಿ ಕನಿಕರ ಬೇಡುವ ಬರಹ ಬೇಡ. ನೋವನ್ನು ಮಾರುಕಟ್ಟೆಗೆ ಇಡುವ ಅಭ್ಯಾಸವನ್ನು ಹದಿನೇಳನೆಯ ವಯಸ್ಸಿನಲ್ಲಿ ಕಲಿಸಬಾರದು. ಬೇರೆಯವರಿಂದ ಬರೆಸುವುದು ಕೂಡದು. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆಪ್ ವಂಚನೆಯೆಂದೇ ಪರಿಗಣಿಸುತ್ತದೆ.

ವಂಚನೆಯ ಮಾತು ಬಂದಿತು. 2019ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಐವತ್ತು ಮಂದಿಯ ಮೇಲೆ ಮೊಕದ್ದಮೆ ದಾಖಲಾಯಿತು. ರಿಕ್ ಸಿಂಗರ್ ಎಂಬ ಸಲಹೆಗಾರ ಶ್ರೀಮಂತರಿಂದ ಹಣ ಪಡೆದು, ಅವರ ಮಕ್ಕಳ ಮುಖವನ್ನು ಕ್ರೀಡಾಪಟುಗಳ ಚಿತ್ರಗಳಿಗೆ ಅಂಟಿಸಿ, ತರಬೇತುದಾರರಿಗೆ ಲಂಚ ಕೊಟ್ಟು ಸೀಟು ಕೊಡಿಸುತ್ತಿದ್ದ. ಅವನಿಗೆ 2023ರಲ್ಲಿ ಮೂರೂವರೆ ವರ್ಷಗಳ ಸೆರೆವಾಸವಾಯಿತು. ನಿಮ್ಮ ಬಳಿಗೆ ಬರುವ ಸಲಹೆಗಾರ 'ಒಂದು ಸಂಸ್ಥೆ ಸ್ಥಾಪಿಸಿದ ಹಾಗೆ ತೋರಿಸೋಣ' ಎಂದರೆ ಎದ್ದು ಬನ್ನಿ.

ಇನ್ನು ಹಣ. ಅಲ್ಲಿನ ಖಾಸಗಿ ಕಾಲೇಜುಗಳಲ್ಲಿ ವರ್ಷದ ವೆಚ್ಚ 80 ಸಾವಿರ ಡಾಲರುಗಳನ್ನು ದಾಟಿದೆ. ಈ ಸಂಖ್ಯೆ ಕೇಳಿಯೇ ಬಹುತೇಕ ಮನೆಗಳಲ್ಲಿ ಚರ್ಚೆ ಮುಗಿಯುತ್ತದೆ. ಬಡ್ಡಿಯ ಸಾಲ ಬೇಡವೆನ್ನುವ ಮನೆಗಳಲ್ಲಂತೂ ಅದು ಆರಂಭವೇ ಆಗುವುದಿಲ್ಲ. ವಾಸ್ತವ ಬೇರೆಯಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಕಾಲೇಜುಗಳೂ, 2022ರಲ್ಲಿ ಇದೇ ನೀತಿ ಘೋಷಿಸಿದ ಡಾರ್ಟ್‌ಮೌತ್ ಮತ್ತು ಬೌಡನ್ ಕಾಲೇಜುಗಳೂ, ವಿದೇಶಿ ವಿದ್ಯಾರ್ಥಿಯನ್ನು ಆರಿಸುವಾಗ ಅವನ ಮನೆಯ ಆದಾಯವನ್ನು ನೋಡುವುದಿಲ್ಲ. ಆರಿಸಿದ ಬಳಿಕ, ಕುಟುಂಬ ಭರಿಸಲಾರದ ಮೊತ್ತವನ್ನು ತಾವೇ ತುಂಬುತ್ತವೆ. ಪ್ರಿನ್ಸ್‌ಟನ್ 2001ರಲ್ಲಿಯೇ ಸಾಲದ ಬದಲು ಅನುದಾನ ನೀಡತೊಡಗಿತು. ಉಳಿದ ಬಹುತೇಕ ಕಾಲೇಜುಗಳಲ್ಲಿ ಮಾತ್ರ ವಿದೇಶಿಯರು ನೆರವು ಕೇಳಿದರೆ ಆಯ್ಕೆಯ ಸಾಧ್ಯತೆ ತಗ್ಗುತ್ತದೆ. ಯಾವ ಕಾಲೇಜು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ತಿಳಿಯದೆ ಹತ್ತಿಪ್ಪತ್ತು ಅರ್ಜಿ ಹಾಕಿಸುವವರಿಂದ ದೂರವಿರಿ. ಅರ್ಜಿ ಶುಲ್ಕಕ್ಕೂ ವಿನಾಯಿತಿ ಕೇಳಬಹುದು. ಅದನ್ನು ಕೇಳುವುದರಲ್ಲಿ ನಾಚಿಕೆಪಡುವಂತಹದ್ದೇನೂ ಇಲ್ಲ.

ರಾಜಕೀಯದ ಗಾಳಿಯನ್ನು ಕಡೆಗಣಿಸುವಂತಿಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕ ಸರಕಾರವು ಹಾರ್ವರ್ಡಿಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ರದ್ದುಪಡಿಸಿತು. ಮರುದಿನವೇ ಅದಕ್ಕೆ ತಡೆ ನೀಡಿದವರು, ಮೇಲೆ ಹೇಳಿದ ಅದೇ ನ್ಯಾಯಾಧೀಶೆ ಬರೋಸ್. ಅದೇ ತಿಂಗಳು ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ನಿಲ್ಲಿಸಿ, ಜೂನ್‌ನಲ್ಲಿ ಪುನರಾರಂಭಿಸುವಾಗ ಅಭ್ಯರ್ಥಿಗಳು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿಡಬೇಕೆಂಬ ಷರತ್ತು ಹಾಕಿದರು. ಪ್ಯಾಲೆಸ್ತೀನಿನ ಬಗ್ಗೆ ಬರೆದ ವಿದ್ಯಾರ್ಥಿಗಳಲ್ಲಿ ಇದು ಆತಂಕ ಹುಟ್ಟಿಸಿದ್ದು ಸಹಜ. ಆದ್ದರಿಂದ ಸೀಟು ಸಿಕ್ಕರೂ ವೀಸಾ ಸಿಗದಿರಬಹುದೆಂಬ ಲೆಕ್ಕವಿಟ್ಟುಕೊಂಡೇ ಹೊರಡಬೇಕು. ಸಿಇಟಿ, ಜೆಇಇ ಅರ್ಜಿಗಳನ್ನು ಕೈಬಿಡುವ ದುಸ್ಸಾಹಸ ಬೇಡ. ಅಂಕಗಳಾಚೆಗೆ ನೋಡುವ ಸಂಸ್ಥೆಗಳು ನಮ್ಮಲ್ಲಿಯೂ ಇವೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯವು ಪ್ರವೇಶ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ನಡೆಸುತ್ತದೆ, ಆದಾಯಕ್ಕನುಗುಣವಾಗಿ ನೆರವನ್ನೂ ಕೊಡುತ್ತದೆ. ಸೋನಿಪತ್‌ನ ಅಶೋಕ ವಿಶ್ವವಿದ್ಯಾನಿಲಯವೂ ಇದೇ ಬಗೆಯದು. ಇಲ್ಲಿಗೆ ಮಾಡಿದ ಸಿದ್ಧತೆ ಅಲ್ಲಿ ವ್ಯರ್ಥವಾಗದು.

ಕೊನೆಯದಾಗಿ, ನಮ್ಮ ಪಿಯು ಕಾಲೇಜುಗಳ ಒಂದು ಸಮಸ್ಯೆ. ಅಮೆರಿಕದ ಆಯ್ದ ಕಾಲೇಜುಗಳು ಸಾಮಾನ್ಯವಾಗಿ ಇಬ್ಬರು ಶಿಕ್ಷಕರ ಪತ್ರಗಳನ್ನೂ ಶಾಲೆಯ ಪರವಾಗಿ ಒಂದು ವರದಿಯನ್ನೂ ಕೇಳುತ್ತವೆ. ಎಂಬತ್ತು ಮಕ್ಕಳ ತರಗತಿಯಲ್ಲಿ ಉಪನ್ಯಾಸಕರಿಗೆ ಹೆಸರುಗಳೇ ನೆನಪಿರುವುದಿಲ್ಲ. 'ನೀನೇ ಬರೆದು ತಾ, ಸಹಿ ಹಾಕುತ್ತೇನೆ' ಎಂದುಬಿಡುತ್ತಾರೆ. ಹೀಗೆ ಬಂದ ಪತ್ರಗಳಲ್ಲಿ 'ಪರಿಶ್ರಮಿ, ವಿಧೇಯ, ಸನ್ನಡತೆಯುಳ್ಳವ' ಎಂಬ ಮೂರೇ ವಿಶೇಷಣಗಳಿರುತ್ತವೆ. ಅದನ್ನು ಓದಿದ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. ಪ್ರಥಮ ಪಿಯುಸಿಯಿಂದಲೇ ಇಬ್ಬರು ಶಿಕ್ಷಕರ ಬಳಿಗೆ ಪಾಠದಾಚೆಯ ಪ್ರಶ್ನೆಗಳನ್ನು ಹೊತ್ತು ಹೋಗುವ ಮಗುವಿಗೆ ಮಾತ್ರ ಬೇರೆ ಬಗೆಯ ಪತ್ರ ಸಿಗುತ್ತದೆ. ಉಪನ್ಯಾಸಕರೂ ಈ ಸಭೆಯಲ್ಲಿದ್ದಾರೆ. ಮಗು ತರಗತಿಯಲ್ಲಿ ಕೇಳಿದ ಒಂದು ಪ್ರಶ್ನೆಯನ್ನು, ತಾನೇ ಬಿಡಿಸಿದ ಒಂದು ಲೆಕ್ಕವನ್ನು ನೆನಪಿಟ್ಟು ಬರೆದರೆ ಅಷ್ಟೇ ಸಾಕು. ಇಂಗ್ಲಿಷ್ ಸೊಗಸಾಗಿರಬೇಕೆಂದೇನೂ ಇಲ್ಲ.

ಸಮಯವನ್ನು ಗುರುತು ಹಾಕಿಕೊಳ್ಳಿ. ಕಾಮನ್ ಆಪ್ ಪ್ರತಿವರ್ಷ ಆಗಸ್ಟ್ 1ರಂದು ತೆರೆಯುತ್ತದೆ. ಮುಂಗಡ ಅರ್ಜಿಗಳ ಗಡುವು ಹೆಚ್ಚಾಗಿ ನವೆಂಬರ್ 1, ಉಳಿದವು ಜನವರಿಯ ಮೊದಲ ದಿನಗಳಲ್ಲಿ. ಅಂದರೆ ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆಗೆ ಮುನ್ನವೇ ಎಲ್ಲ ಮುಗಿದಿರಬೇಕು. ಒಂಬತ್ತನೆಯ ತರಗತಿಯಿಂದ ಎಲ್ಲ ಅಂಕಪಟ್ಟಿಗಳನ್ನೂ ಕೇಳುವುದರಿಂದ ಹಳೆಯ ಶಾಲೆಯಿಂದ ಮುದ್ರೆ ಹಾಕಿಸಿ ತಂದಿಟ್ಟುಕೊಳ್ಳಿ. ಕೊರೋನಾ ಕಾಲದಲ್ಲಿ ಸ್ಯಾಟ್ ಐಚ್ಛಿಕವಾಗಿತ್ತೆಂದು ಇಂದಿಗೂ ಹೇಳುವವರಿದ್ದಾರೆ. ಎಂಐಟಿ 2022ರಲ್ಲಿ, ಹಾರ್ವರ್ಡ್ 2024ರಲ್ಲಿ ಅದನ್ನು ಮತ್ತೆ ಕಡ್ಡಾಯಗೊಳಿಸಿದವು. ಮೊದಲ ಪ್ರಯತ್ನವನ್ನು ಪ್ರಥಮ ಪಿಯುಸಿ ಮುಗಿದ ಬೇಸಿಗೆಯಲ್ಲಿಯೇ ಮಾಡುವುದು ಲೇಸು.

ಸಂಘಟಕರು ಅರ್ಧ ಗಂಟೆಯನ್ನು ಪ್ರಶ್ನೆಗಳಿಗೆ ಬಿಟ್ಟಿದ್ದಾರೆ. ಹೆತ್ತವರಿಗಿಂತ ಮೊದಲು ಮಕ್ಕಳು ಕೇಳಲಿ, ಹೆಣ್ಣುಮಕ್ಕಳ ಸಾಲಿನಿಂದಲೇ ಆರಂಭಿಸೋಣ.